ಮೆಟ್ಟಿಲ ತಿರುವಿನ ಸಭೆ

"ಹತ್ತು ಜನರಿಗೆ ಏಳು ಮೇಜು! ಇದು ಕಚೇರಿಯೋ, ಕುರ್ಚಿ ಹಿಡಿಯುವ ಆಟವೋ?" ಎನ್ನುತ್ತಾ ಲೆಕ್ಕಪತ್ರ ವಿಭಾಗದ ರಾಯರು ಮೆಟ್ಟಿಲ ತಿರುವಿನಲ್ಲಿ ನಮ್ಮ ಪಕ್ಕ ಕುಳಿತರು. ಗೋಡೆ ಒಡೆದು ನಾಲ್ಕು ವಿಭಾಗಗಳನ್ನು ಒಂದೇ ಹಜಾರಕ್ಕೆ ತಂದು, ಯಾರಿಗೂ ಸ್ವಂತ ಮೇಜಿಲ್ಲ, ಖಾಲಿ ಇದ್ದಲ್ಲಿ ಕೂರಿ ಎಂದ ಮೇಲೆ ನಮ್ಮ ಸಭೆ ನಡೆಯುವುದು ಇಲ್ಲೇ.

"ನಮ್ಮಲ್ಲಿ ಮೂವರು ಯಾವಾಗಲೂ ಹೊರಗೇ ಇರುತ್ತೇವೆ, ರಾಯರೇ. ಒಬ್ಬರು ಚರಂಡಿ ನೋಡಲು, ಒಬ್ಬರು ರಸ್ತೆ ಅಳೆಯಲು, ಇನ್ನೊಬ್ಬರು ರಜೆ. ಸರಾಸರಿ ಲೆಕ್ಕ ಹಾಕಿದರೆ ಏಳು ಸಾಕು" ಎಂದ ಇಂಜಿನಿಯರ್.

"ಸರಾಸರಿ ಎಂದಾದರೂ ಕಚೇರಿಗೆ ಬಂದು ಕುಳಿತಿದೆಯೇ? ಸೋಮವಾರ ಬೆಳಿಗ್ಗೆ ಬರುವುದು ಹತ್ತೂ ಜನ! ಮೇಜಿನ ಮಾತು ಬಿಡಿ, ನನ್ನ ಡ್ರಾಯರ್ ಹೋಯಿತಲ್ಲ! ಹದಿನಾಲ್ಕು ವರ್ಷಗಳ ಸಂಸಾರ ಅದರಲ್ಲಿತ್ತು. ಮುದ್ರೆಯ ಪ್ಯಾಡು, ಕಾಲು ಮುರಿದ ಕನ್ನಡಕ, ತಲೆನೋವಿನ ಮಾತ್ರೆ, ಯಾವ ಬೀಗಕ್ಕೂ ಹೊಂದದ ನಾಲ್ಕು ಕೀಲಿಕೈ. ಈಗ ಬೆಳಿಗ್ಗೆ ಲಾಕರಿನಿಂದ ಹೊರುವುದು, ಸಂಜೆ ಲಾಕರಿಗೆ ತುಂಬುವುದು. ದಿನವೂ ಬಾಡಿಗೆ ಮನೆ ಖಾಲಿ ಮಾಡಿದ ಹಾಗೆ."

"ಹೊಂದದ ಕೀಲಿಕೈಗಳನ್ನು ಎಸೆಯಬಾರದೇ?"

"ಎಸೆದ ಮರುದಿನವೇ ಬೀಗ ಸಿಗುತ್ತದಪ್ಪ."

ತೆರಿಗೆ ವಿಭಾಗದ ಗೆಳತಿಯ ದುಃಖ ಬೇರೆ. "ನಿನ್ನೆ ಒಬ್ಬರು ಬಾಕಿ ತೆರಿಗೆಯ ಬಗ್ಗೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಜನನ ಮರಣ ವಿಭಾಗದವರು ಆ ಮೂಲೆಯಿಂದಲೇ, 'ಕಂತಿನಲ್ಲಿ ಕಟ್ಟಲು ಅರ್ಜಿ ಕೊಡಿ' ಎಂದು ಕೂಗಿದರು!"

"ನೋಡಿ, ಸಹಯೋಗ ಎಂದರೆ ಅದೇ!" ಎಂದ ಇಂಜಿನಿಯರ್.

"ಆ ಮನುಷ್ಯರ ಮುಖವನ್ನು ನೀವು ನೋಡಬೇಕಿತ್ತು. ಬಾಗಿಲಿರುವ ಒಂದು ಚಿಕ್ಕ ಕೋಣೆ ಇದ್ದಿದ್ದರೆ ಸಾಕಾಗಿತ್ತು."

ಇಂಜಿನಿಯರ್ ಸೋಲುವವನಲ್ಲ. "ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ 1970ರ ದಶಕದಲ್ಲೇ ತೋರಿಸಿದ್ದಾರೆ. ಮೇಜುಗಳ ನಡುವಿನ ದೂರ ಹೆಚ್ಚಿದಂತೆ ಜನರ ನಡುವಿನ ಮಾತು ಕುಸಿಯುತ್ತದೆ. ಅದಕ್ಕೇ ಹತ್ತಿರ ಕೂರಿಸಿದ್ದು."

ನಾನೂ ಸುಮ್ಮನಿರಲಿಲ್ಲ. "2018ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಹಾರ್ವರ್ಡ್‌ನ ಬರ್ನ್‌ಸ್ಟೀನ್ ಮತ್ತು ಟರ್ಬನ್ ಎರಡು ಕಂಪನಿಗಳ ನೌಕರರ ಮೈಮೇಲೆ ಪುಟ್ಟ ಸಾಧನ ತೊಡಿಸಿ ಅಳೆದರು. ಗೋಡೆ ತೆಗೆದ ಮೇಲೆ ಮುಖಾಮುಖಿ ಒಡನಾಟ ಸುಮಾರು ಶೇ 70ರಷ್ಟು ಇಳಿಯಿತು, ಇಮೇಲ್ ಏರಿತು. ಹತ್ತಿರವಿದ್ದರೆ ಮಾತು ಬರುತ್ತದೆ, ನಿಜ. ಊರೆಲ್ಲ ನೋಡುತ್ತಿದ್ದರೆ ಬಂದ ಮಾತೂ ಗಂಟಲಿನಲ್ಲೇ ಉಳಿಯುತ್ತದೆ."

"ಹಾಗಾದರೆ ನನ್ನ ಪಕ್ಕದವರು ಮೊನ್ನೆ ಇಮೇಲಿನಲ್ಲಿ ಸ್ಟೇಪ್ಲರ್ ಕೇಳಿದ್ದು ವಿಜ್ಞಾನವೇ!" ರಾಯರಿಗೆ ಪರಮಾನಂದ.

ಅಷ್ಟರಲ್ಲಿ ಕೆಳಗಿನಿಂದ ಇಬ್ಬರು ಏದುಸಿರು ಬಿಡುತ್ತಾ ಹಳದಿ ಸೋಫಾವೊಂದನ್ನು ಹೊತ್ತು ತಂದರು. ಒಟ್ಟಿಗೆ ಕುಳಿತು ಮಾತನಾಡಲೆಂದು ಹಜಾರದಲ್ಲಿ ಮಾಡಿದ್ದ 'ಸಹಯೋಗ ಮೂಲೆ'ಯಲ್ಲಿ ಆರು ತಿಂಗಳಿನಿಂದ ಯಾರೂ ಕೂರದೆ ಉಳಿದಿದ್ದ ಸೋಫಾ ಅದು.

"ಸ್ವಲ್ಪ ಏಳಿ ಸರ್. ಎಲ್ಲರೂ ಮಾತನಾಡುವುದು ಇಲ್ಲೇ ಎಂದು ಸಾಹೇಬರಿಗೆ ಗೊತ್ತಾಗಿದೆ. ಇದನ್ನು ಇಲ್ಲೇ ಹಾಕಲು ಹೇಳಿದ್ದಾರೆ."

ರಾಯರು ಅನುಮಾನದಿಂದ ಸೋಫಾದ ಬೆನ್ನು ಮುಟ್ಟಿ ನೋಡಿದರು. "ಕೂರಲು ಮೊದಲೇ ಕಾಯ್ದಿರಿಸಬೇಕೇನಪ್ಪ?"

"ಹೌದು ಸರ್. ಒಬ್ಬರಿಗೆ ಹದಿನೈದು ನಿಮಿಷ."