ಫ್ರಿಟ್ಜ್ ಎಂಬ ಬೆಕ್ಕು ಅಣಕಿಸುವುದು ಯಾರನ್ನು?

ಪ್ರಶ್ನೆ – ಹಳೆಯ ರೀಲು

ರಾಲ್ಫ್ ಬಕ್ಷಿ ಅವರು 1972ರಲ್ಲಿ ನಿರ್ದೇಶಿಸಿದ ‘ಫ್ರಿಟ್ಜ್ ದ ಕ್ಯಾಟ್’ ಚಿತ್ರವನ್ನು ಈಚೆಗೆ ನೋಡಿದೆ. ಅಮೆರಿಕದಲ್ಲಿ ಎಕ್ಸ್ ಶ್ರೇಣಿ (ವಯಸ್ಕರಿಗೆ ಮಾತ್ರ ಎಂಬ ಗುರುತು) ಪಡೆದ ಮೊದಲ ಆನಿಮೇಷನ್ ಚಿತ್ರವೆಂಬ ಕುತೂಹಲದಿಂದ ಕುಳಿತವನಿಗೆ ಕೊನೆಯಲ್ಲಿ ಗೊಂದಲವೇ ಉಳಿಯಿತು. ಪೊಲೀಸರನ್ನು ಹಂದಿಗಳಾಗಿ ತೋರಿಸುವಷ್ಟು ಅದು ಬಂಡಾಯಗಾರರ ಪರವಾಗಿದೆ. ಆದರೆ ಕ್ರಾಂತಿಯ ಮಾತಾಡುವವರೂ ಅದರಲ್ಲಿ ಸೋಗಲಾಡಿಗಳು ಇಲ್ಲವೇ ಕ್ರೂರಿಗಳು. ಇದು ಹಿಪ್ಪಿಗಳನ್ನು, ಅಂದರೆ ರೂಢಿಯ ಬದುಕನ್ನು ಧಿಕ್ಕರಿಸಿದ ಅಂದಿನ ಯುವಜನರನ್ನು, ಕಂಡರಾಗದವರ ಸಿಟ್ಟೋ, ಅವರನ್ನು ಹತ್ತಿರದಿಂದ ಬಲ್ಲವರ ವಿಡಂಬನೆಯೋ?

ಉತ್ತರ – ಬೆಳಕಿನ ಪೆಟ್ಟಿಗೆ

ಹತ್ತಿರದಿಂದ ಬಲ್ಲವರದ್ದೆಂದೇ ನನ್ನ ಎಣಿಕೆ. ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದ ದೃಶ್ಯವನ್ನು ಮತ್ತೊಮ್ಮೆ ನೋಡಿ. ಫ್ರಿಟ್ಜ್ ಮತ್ತು ಗೆಳೆಯರು ಹುಡುಗಿಯರ ಗಮನ ಸೆಳೆಯಲೆಂದೇ ಗಿಟಾರ್ ನುಡಿಸುತ್ತಿರುತ್ತಾರೆ. ಆ ಹುಡುಗಿಯರೋ, ಕರಿಯ ಜನಾಂಗದವನಾಗಿ ಚಿತ್ರಿತವಾದ ಕಾಗೆಯೊಂದನ್ನು ಸುತ್ತುವರಿದು, ಕರಿಯರ ಬಗ್ಗೆ ತಮಗಿರುವ ಕಾಳಜಿಯನ್ನು ಅವನ ಮುಂದೆಯೇ ಪ್ರದರ್ಶನಕ್ಕಿಡುತ್ತಾರೆ. ಅವನು ಅವರನ್ನು ಮೂದಲಿಸಿ ಹೊರಟುಹೋಗುತ್ತಾನೆ. ಇದನ್ನು ಕಂಡ ಫ್ರಿಟ್ಜ್ ಕೂಡಲೇ ತನ್ನ ಆತ್ಮದ ತೊಳಲಾಟದ ಬಗ್ಗೆ ಭಾಷಣ ಆರಂಭಿಸುತ್ತಾನೆ, ಹುಡುಗಿಯರು ಅವನ ಹಿಂದೆ ಹೊರಡುತ್ತಾರೆ. ಇಲ್ಲಿ ನಗೆಗೀಡಾಗುವುದು ಸಮಾನತೆಯ ಆದರ್ಶವಲ್ಲ, ಅದನ್ನು ಒಡವೆಯಂತೆ ತೊಟ್ಟು ತಿರುಗುವ ಚಾಳಿ. ಇನ್ನು ಹಂದಿಗಳ ವಿಷಯ: ಪೊಲೀಸರನ್ನು ‘ಹಂದಿ’ ಎಂದು ಬೈಯುತ್ತಿದ್ದವರು ಅಂದಿನ ಚಳವಳಿಗಾರರೇ, ಚಿತ್ರ ಆ ಬೈಗುಳಕ್ಕೆ ಸಮವಸ್ತ್ರ ತೊಡಿಸಿತು, ಅಷ್ಟೆ.

ಉತ್ತರ – ಮಸಿ ಕುಂಚ

ಇದನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಬೆಕ್ಕಿನ ಮೂಲ ಕರ್ತೃ, ‘ಅಂಡರ್‌ಗ್ರೌಂಡ್’ ಕಾಮಿಕ್ಸ್‌ನ (ದೊಡ್ಡ ಪ್ರಕಾಶಕರ ಹಂಗಿಲ್ಲದೆ ಹೊರಬರುತ್ತಿದ್ದ ಬಂಡಾಯದ ಚಿತ್ರಕಥೆಗಳ) ಕಲಾವಿದ ರಾಬರ್ಟ್ ಕ್ರಂಬ್ ಅವರೇ ಚಿತ್ರವನ್ನು ತಿರಸ್ಕರಿಸಿದರು. ತಾವು ಎಂದೂ ಆಡಿಸದ ಮಾತುಗಳನ್ನು ಫ್ರಿಟ್ಜ್‌ನ ಬಾಯಿಗೆ ತುರುಕಲಾಗಿದೆ ಎಂಬುದು ಅವರ ಆಕ್ಷೇಪವಾಗಿತ್ತು. ಅದೇ ವರ್ಷದ ಕಾಮಿಕ್ಸ್ ಕಥೆಯೊಂದರಲ್ಲಿ ಫ್ರಿಟ್ಜ್‌ನನ್ನು ಸಿನಿಮಾ ತಾರೆಯಾಗಿಸಿ, ಉಷ್ಟ್ರಪಕ್ಷಿಯಿಂದ ಅವನ ತಲೆಗೆ ಮಂಜುಗಡ್ಡೆ ಒಡೆಯುವ ಚೂಪಾದ ಸಲಾಕೆಯನ್ನು ಚುಚ್ಚಿಸಿ ಕೊಂದೇಬಿಟ್ಟರು. ವಿಮರ್ಶೆ ಬರೆಯುವುದಕ್ಕಿಂತ ಇದು ಸುಲಭವೆನಿಸಿರಬೇಕು! ಅದಲ್ಲದೆ, ಹೆಣ್ಣುಗಳನ್ನು ಚಿತ್ರ ನೋಡುವ ಬಗೆಯಲ್ಲಿ ವಿಡಂಬನೆಗಿಂತ ಚಪಲವೇ ಹೆಚ್ಚು.

ಉತ್ತರ – ಬೆಳಕಿನ ಪೆಟ್ಟಿಗೆ

ಹೆಣ್ಣುಗಳ ಮಾತು ನಿಜ, ಅಲ್ಲಿ ನನ್ನ ವಾದ ನಿಲ್ಲುವುದಿಲ್ಲ. ಆದರೆ ನ್ಯೂಯಾರ್ಕಿನ ಕರಿಯರ ಬಡಾವಣೆ ಹಾರ್ಲೆಮ್‌ನಲ್ಲಿ ನಡೆಯುವ ಭಾಗವನ್ನು ಬಿಟ್ಟು ತೀರ್ಪು ಕೊಡಬಾರದು. ಅಮಲೇರಿದ ಫ್ರಿಟ್ಜ್ ಬೀದಿಯಲ್ಲಿ ಕ್ರಾಂತಿಗೆ ಕರೆಕೊಡುತ್ತಾನೆ, ಗಲಭೆ ಹೊತ್ತಿಕೊಳ್ಳುತ್ತದೆ, ಗುಂಡಿಗೆ ಬಲಿಯಾಗುವವನು, ಸ್ವಲ್ಪ ಹೊತ್ತಿನ ಹಿಂದಷ್ಟೇ ಅವನ ಜೀವ ಉಳಿಸಿದ್ದ ಡ್ಯೂಕ್ ಎಂಬ ಕಾಗೆ. ಫ್ರಿಟ್ಜ್ ತಪ್ಪಿಸಿಕೊಂಡು ಪಶ್ಚಿಮ ಕರಾವಳಿಯತ್ತ ಕಾರಿನಲ್ಲಿ ಹೊರಡುತ್ತಾನೆ.