ಹಳೇ ಫೋಕ್ಸ್‌ವ್ಯಾಗನ್ ಕ್ಯಾಂಪರ್: ಗೇರ್ ಲಿವರ್ ಪೂರ್ತಿ ಸಡಿಲ, ಎರಡಕ್ಕೆ ಎಳೆದರೆ ರಿವರ್ಸ್ ಹಲ್ಲು ಕೂಗುತ್ತೆ

ಕೈಮರದ ಕೊಂಬಿ

ನಮಸ್ಕಾರ ಎಲ್ಲರಿಗೂ. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ 1973ರ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನ್ ಇದೆ. ಮುಂದೆ ಒಂದೇ ದೊಡ್ಡ ಗಾಜು ಇರೋ ಮಾಡೆಲ್ಲು, ಒಳಗೆ ಮಂಚ, ಸ್ಟೌ, ಪರದೆ ಎಲ್ಲ ಇದೆ. ಇಂಜಿನ್ ಬಗ್ಗೆ ದೂರಿಲ್ಲ, ಕಾಫಿ ಕಣದ ಏರಿನಲ್ಲೂ ಆರಾಮಾಗಿ ಎಳೆಯುತ್ತದೆ.

ತೊಂದರೆ ಇರೋದು ಗೇರ್ ಲಿವರ್‌ದು. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಗಂಜಿ ಪಾತ್ರೆಯಲ್ಲಿ ಸೌಟು ಆಡಿಸಿದ ಹಾಗೆ ನಾಲ್ಕೂ ಕಡೆ ಓಡಾಡುತ್ತದೆ. ಒಂದನೇ ಗೇರು ಹುಡುಕಲು ಹೋದರೆ ಮೂರು ಸಿಗುತ್ತದೆ. ಅದನ್ನಾದರೂ ಸಹಿಸಬಹುದು, ಆದರೆ ಎರಡಕ್ಕೆ ಎಳೆದಾಗ ಕೆಲವು ಸಲ ಕೆಳಗಡೆಯಿಂದ ಗರ್ರ್ ಅಂತ ಶಬ್ದ ಬರುತ್ತೆ, ಅದು ರಿವರ್ಸ್ ಹಲ್ಲು ಅಂತ ನನ್ನ ಅನುಮಾನ. ಚಾರ್ಮಾಡಿ ಘಾಟಿ ಇಳಿಯುವಾಗ ತಿರುವಿನಲ್ಲಿ ಮೂರರಿಂದ ಎರಡಕ್ಕೆ ಬರಬೇಕು, ಗೇರು ಸಿಗಲಿಲ್ಲ ಅಂದರೆ ಪೂರ್ತಿ ಭಾರ ಬ್ರೇಕಿನ ಮೇಲೆ, ಹಿಂದೆ ಬಸ್ಸಿನವನ ಹಾರ್ನು. ಹಾಗಾಗಿ ಈಗ ಘಾಟಿ ಕಡೆ ತೆಗೆಯುವುದನ್ನೇ ನಿಲ್ಲಿಸಿದ್ದೇನೆ.

ಒಂದು ಗ್ಯಾರೇಜಿನವರು ಲಿವರ್ ಅಲ್ಲಾಡಿಸಿ ನೋಡಿ, ಇಂಜಿನ್ ಇಳಿಸಿ ಗೇರ್‌ಬಾಕ್ಸ್ ಬಿಚ್ಚಬೇಕು ಅಂದರು. ಹೇಳಿದ ರೇಟು ಕೇಳಿ ಗಾಡಿ ವಾಪಸ್ ತಂದೆ. ಒಮ್ಮೆ ಗೇರು ಬಿದ್ದ ಮೇಲೆ ಮಾತ್ರ ಸರಿಯಾಗೇ ಓಡುತ್ತೆ, ಗೇರು ತಾನಾಗಿ ಹಾರಿ ಬರಲ್ಲ, ಒಳಗೆ ಕೂಗಾಟವೂ ಇಲ್ಲ. ನಿಜವಾಗಲೂ ಗೇರ್‌ಬಾಕ್ಸ್ ಬಿಚ್ಚಬೇಕಾ?

ಲೇತ್ ಹಾಸನ

ಬಿಚ್ಚಬೇಡಿ ಸರ್. ಗೇರು ಬಿದ್ದ ಮೇಲೆ ನಿಲ್ಲುತ್ತೆ, ಶಬ್ದ ಇಲ್ಲ ಅಂದಮೇಲೆ ಗೇರ್‌ಬಾಕ್ಸ್ ಮೇಲೆ ಯಾಕೆ ಅನುಮಾನ? ನಿಮ್ಮ ಗಾಡಿಯಲ್ಲಿ ಲಿವರ್ ಇರೋದು ಡ್ರೈವರ್ ಪಕ್ಕ ಮುಂದೆ, ಗೇರ್‌ಬಾಕ್ಸ್ ಇರೋದು ಹಿಂದಿನ ಚಕ್ರದ ಹತ್ತಿರ. ವೀಲ್‌ಬೇಸೇ (ಮುಂದಿನ ಹಿಂದಿನ ಚಕ್ರದ ನಡುವಿನ ದೂರ) 2400 ಮಿ.ಮೀ. ಅಷ್ಟುದ್ದಕ್ಕೂ ತಳದಲ್ಲಿ ರಾಡ್ ಹೋಗುತ್ತೆ, ಅದನ್ನು ಹಿಡಿದಿರೋದು ಪ್ಲಾಸ್ಟಿಕ್ ಬುಶ್‌ಗಳು (ರಾಡ್ ತೂರಿ ಹೋಗೋ ಬಳೆಗಳು), ಮುಂದಿನ ಹಿಂದಿನ ರಾಡ್ ಸೇರಿಸೋ ರಬ್ಬರ್ ಇರೋ ಜಾಯಿಂಟು. ಲಿವರ್ ತುದಿಯ ಗುಂಡು ಸ್ವಲ್ಪ, ಬುಶ್ ಸ್ವಲ್ಪ, ಜಾಯಿಂಟ್ ಸ್ವಲ್ಪ ಸವೆದರೂ ಸಾಕು. ಎಲ್ಲಾ ಆಟ ಒಟ್ಟಾಗಿ ನಿಮ್ಮ ಕೈಗೆ ಬರುತ್ತೆ.

ಮೊದಲು ಆಟ ಎಲ್ಲಿದೆ ಅಂತ ನೋಡಿ, ಆಮೇಲೆ ಸಾಮಾನು ತರಿಸಿ. ಸರ್ವಿಸ್ ಸ್ಟೇಷನ್ ಪಿಟ್ ಸಿಕ್ಕರೆ ಒಳ್ಳೇದು. ಇಲ್ಲ ಅಂದರೆ ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಲೇಬೇಡಿ. ತಳದಲ್ಲಿ ತಗಡು ಮುಚ್ಚಿದ್ದರೆ ಬಿಚ್ಚಿ. ಇಂಜಿನ್ ಆಫ್ ಮಾಡಿ ಒಬ್ಬರು ಮೇಲೆ ಕೂತು ಲಿವರ್ ನಿಧಾನಕ್ಕೆ ಆಡಿಸಲಿ, ನೀವು ಕೆಳಗಿಂದ ಟಾರ್ಚ್ ಬಿಟ್ಟು ನೋಡಿ. ಲಿವರ್ ಆಡಿದರೂ ರಾಡ್ ಆಡದಿದ್ದರೆ ಗುಂಡು ಸವೆದಿದೆ. ರಾಡ್ ಮುಂದೆ ಹಿಂದೆ ಹೋಗೋ ಬದಲು ಮೇಲೆ ಕೆಳಗೆ ಕುಣಿದರೆ ಬುಶ್ ಹೋಗಿದೆ. ಮುಂದಿನ ರಾಡ್ ತಿರುಗಿದ ಮೇಲೆ ಒಂದು ಕ್ಷಣ ತಡವಾಗಿ ಹಿಂದಿನದು ತಿರುಗಿದರೆ ಜಾಯಿಂಟು. ಗೇರ್‌ಬಾಕ್ಸಿನ ಮೂತಿಯಿಂದ ಹೊರಗೆ ಬಂದ ಶಾಫ್ಟ್ ಕೈಯಲ್ಲಿ ಹಿಡಿದು ನೋಡಿ, ಅದು ಬಿಗಿಯಾಗಿದ್ದರೆ ಒಳಗಿನ ಚಿಂತೆ ಬಿಡಿ.

ರಿವರ್ಸ್ ವಿಷಯಕ್ಕೆ ಬಂದರೆ, ಇದರಲ್ಲಿ ಲಿವರ್ ಕೆಳಗೆ ಒತ್ತಿ, ಎಡಕ್ಕೆ ತಂದು, ಹಿಂದಕ್ಕೆ ಎಳೆದರೆ ರಿವರ್ಸ್ ಅಲ್ವಾ? ಅಂದರೆ ಎರಡನೇ ಗೇರಿನ ಪಕ್ಕದ ಮನೆಯೇ ಅದು. ನಡುವೆ ತಡೆ ಅಂತ ಇರೋದು ಲಿವರ್ ಬುಡದ ಸ್ಟಾಪ್ ಪ್ಲೇಟ್ ಒಂದೇ. ಅದರ ಅಂಚು ಸವೆದಿದ್ದರೆ, ಅಥವಾ ಜರುಗಿದ್ದರೆ ನೀವು ಹೇಳಿದ ಗರ್ರ್ ಬಂದೇ ಬರುತ್ತೆ.

ಮೂಡಿಗೆರೆ ಮಳೆ

ಲೇತ್ ಅಣ್ಣ ಹೇಳಿದ್ದಕ್ಕೆ ಇನ್ನೆರಡು ಸೇರಿಸಿಕೊಳ್ಳಿ ಮಾರಾಯ್ರೆ. ಗೇರ್‌ಬಾಕ್ಸ್ ಕೂತಿರೋ ರಬ್ಬರ್ ಮೌಂಟ್ ಹರಿದಿದ್ದರೆ ಆಕ್ಸಿಲರೇಟರ್ ಕೊಟ್ಟಾಗ ಇಡೀ ಡಬ್ಬಿಯೇ ಅಲ್ಲಾಡುತ್ತೆ, ಆಗ ರಾಡ್ ಎಷ್ಟು ಬಿಗಿ ಮಾಡಿದರೂ ಸುಮ್ನೆ. ಇನ್ನೊಂದು ಕ್ಲಚ್ ಕೇಬಲ್. ಪೆಡಲ್‌ನಲ್ಲಿ 10ರಿಂದ 20 ಮಿ.ಮೀ. ಖಾಲಿ ಆಟ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಕ್ಲಚ್ ಪೂರ್ತಿ ಬಿಡಲ್ಲ, ಗೇರಿಗೆ ಹಾಕುವಾಗ ಹಲ್ಲು ಕೂಗುತ್ತೆ, ನಾವು ಲಿವರ್‌ಗೆ ಬೈತೀವಿ.

ಹಿಂದೆ ರಾಡಿಗೆ ಹಾಕಿರೋ ರಬ್ಬರ್ ಬೂಟನ್ನೂ, ಅಂದರೆ ಕೆಸರು ತಡೆಯೋ ಕವಚವನ್ನೂ ನೋಡಿ. ನಮ್ಮ ಕಡೆ ಎಸ್ಟೇಟ್ ದಾರಿಯ ಕೆಂಪು ಕೆಸರು ಅಲ್ಲಿಂದಲೇ ಒಳಗೆ ಹೋಗೋದು. ಗ್ರೀಸಿನ ಜೊತೆ ಸೇರಿ ಉಜ್ಜೋ ಪೇಸ್ಟ್ ಆಗಿಬಿಡುತ್ತೆ, ಹೊಸ ಬುಶ್ ಹಾಕಿದರೂ ಬೇಗ ತಿಂದುಹಾಕುತ್ತೆ.

ಕೈಮರದ ಕೊಂಬಿ

ತುಂಬಾ ಥ್ಯಾಂಕ್ಸ್. ಭಾನುವಾರ ಪಕ್ಕದ ಮನೆ ಹುಡುಗನನ್ನು ಕೂರಿಸಿ ಲಿವರ್ ಆಡಿಸಿ ನೋಡಿದೆ. ಮುಂದಿನ ಬುಶ್ ಅನ್ನೋದು ಇಲ್ಲವೇ ಇಲ್ಲ, ಬ್ರಾಕೆಟ್ ಮೂಲೆಯಲ್ಲಿ ಹಳದಿ ಬಣ್ಣದ ಎರಡು ಚೂರು ಸಿಕ್ಕವು, ಉಗುರಲ್ಲಿ ಒತ್ತಿದರೆ ಪುಡಿಯಾಗುತ್ತೆ. ಕಬ್ಬಿಣದ ಮೇಲೆ ಕಬ್ಬಿಣ ಉಜ್ಜಿ ರಾಡಿನ ಒಂದು ಮಗ್ಗುಲು ಫಳಫಳ ಹೊಳೆಯುತ್ತಿದೆ. ಜಾಯಿಂಟಿನ ರಬ್ಬರ್ ಬಿರುಕು ಬಿಟ್ಟಿದೆ. ಗೇರ್‌ಬಾಕ್ಸ್ ಶಾಫ್ಟ್ ಬಿಗಿಯಾಗಿದೆ, ಮೌಂಟ್ ಕೂಡ ಪರವಾಗಿಲ್ಲ. ಲಿವರ್ ಗುಂಡು ಒಂದು ಕಡೆ ಸ್ವಲ್ಪ ಚಪ್ಪಟೆ.

ಬುಶ್ ಇಲ್ಲೇ ನೈಲಾನ್‌ನಿಂದ ಲೇತಿನಲ್ಲಿ ಕಡೆಸಿಬಿಡಲಾ, ಇಲ್ಲ ಹೊರಗಿಂದ ತರಿಸಲಾ?

ಲೇತ್ ಹಾಸನ

ಜಾಯಿಂಟಿನ ರಬ್ಬರ್ ತರಿಸಿ. ಬ್ರೆಜಿಲ್‌ನಲ್ಲಿ ಈ ಗಾಡಿ 2013ರವರೆಗೂ ತಯಾರಾಗುತ್ತಿತ್ತು, ಹಾಗಾಗಿ ಸಾಮಾನಿಗೆ ಬರ ಇಲ್ಲ. ಆರ್ಡರ್ ಮಾಡುವಾಗ ವರ್ಷ ಹೇಳಿ. 1967ಕ್ಕೆ ಮುಂಚಿನ ಎರಡು ಗಾಜಿನ ಮಾಡೆಲ್‌ದು ನಿಮ್ಮದಕ್ಕೆ ಕೂರುತ್ತೆ ಅಂದುಕೊಳ್ಳಬೇಡಿ. ಬುಶ್ ಬೇಕಾದರೆ ಇಲ್ಲೇ ಕಡೆಯಬಹುದು, ಆದರೆ ನೈಲಾನ್ ಬೇಡ. ನೈಲಾನ್ ನೀರು ಹೀರಿ ಊದುತ್ತೆ. ಬೇಸಿಗೆಯಲ್ಲಿ ಸರಿಯಾಗಿ ಕೂರಿಸಿದ್ದು ಮಳೆಗಾಲದಲ್ಲಿ ರಾಡನ್ನು ಕಚ್ಚಿ ಹಿಡಿಯುತ್ತೆ, ಅದರಲ್ಲೂ ನಿಮ್ಮ ಕಡೆ ಮಳೆ ಕೇಳಬೇಕಾ. ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ರಾಡ್ ಕೇಳಿ, ಅದು ನೀರು ಕುಡಿಯೋದು ಬಹಳ ಕಡಿಮೆ. ಅಳತೆ ತೆಗೆಯುವಾಗ ಗೇರ್ ರಾಡ್ ಸವೆಯದ ಕಡೆ ತೆಗೆಯಿರಿ. ಹೊಳೆಯೋ ಕಡೆ ಜಾಸ್ತಿ ಸವೆದಿದ್ದರೆ ಬುಶ್ ಒಂದರಿಂದ ಪೂರ್ತಿ ಸರಿಹೋಗಲ್ಲ, ಅಲ್ಲಿ ವೆಲ್ಡ್ ತುಂಬಿಸಿ ಲೇತಿನಲ್ಲಿ ಕಡೆಸಬೇಕಾಗುತ್ತೆ. ಲಿವರ್ ತುದಿಯ ಗುಂಡಿಗೂ ಅದೇ ಮದ್ದು, ಆದರೆ ಚಪ್ಪಟೆ ಸ್ವಲ್ಪವೇ ಇರೋದರಿಂದ ಈಗ ಗ್ರೀಸ್ ತುಂಬಿ ಓಡಿಸಿ ನೋಡಿ.

ಮೂಡಿಗೆರೆ ಮಳೆ

ಹಿತ್ತಾಳೆ ಬುಶ್ ಹಾಕಿಸಿ ಅಂತ ಯಾರಾದರೂ ಹೇಳಿಯಾರು, ಕೇಳಬೇಡಿ. ತಗಡಿನ ಗಾಡಿ ಇದು, ಇಂಜಿನ್ನಿನ ನಡುಕ ಎಲ್ಲ ಲಿವರ್‌ಗೆ ಬಂದು ಕಿಣಿಕಿಣಿ ಶುರುವಾಗುತ್ತೆ.

ಜಾಯಿಂಟ್ ವಾಪಸ್ ಕೂರಿಸುವಾಗ ಹುಷಾರು. ಗೇರ್‌ಬಾಕ್ಸ್ ಕಡೆ ಚೌಕ ತಲೆಯ ಬೋಲ್ಟ್ ಇದೆಯಲ್ಲ, ಅದರ ತುದಿ ಶಾಫ್ಟಿನ ಗುಳಿಯೊಳಗೆ ಸರಿಯಾಗಿ ಇಳಿಯಬೇಕು. ಗುಳಿ ತಪ್ಪಿ ಪಕ್ಕಕ್ಕೆ ಕೂತರೆ ಮನೆ ಅಂಗಳದಲ್ಲಿ ಎಲ್ಲಾ ಗೇರೂ ಬೀಳುತ್ತೆ, ಘಾಟಿ ಹತ್ತಿರದ ಕೊಟ್ಟಿಗೆಹಾರ ದಾಟಿದ ಮೇಲೆ ಒಂದೂ ಬೀಳಲ್ಲ. ಆ ಬೋಲ್ಟ್ ತಲೆಯ ತೂತಿಗೆ ತಂತಿ ಹಾಕಿ ಕಟ್ಟಿ.

ಕೈಮರದ ಕೊಂಬಿ

ಡೆಲ್ರಿನ್ ಬುಶ್, ಹೊಸ ರಬ್ಬರ್, ತಂತಿ ಎಲ್ಲ ಆಯ್ತು. ಲಿವರ್ ಈಗ ಅರ್ಧಕ್ಕರ್ಧ ಬಿಗಿ. ಒಂದು, ಮೂರು, ನಾಲ್ಕು ಕಣ್ಣು ಮುಚ್ಚಿ ಹಾಕಬಹುದು. ಎರಡು ಮಾತ್ರ ಇನ್ನೂ ರಿವರ್ಸ್ ಕಡೆ ವಾಲುತ್ತೆ.

ಲೇತ್ ಹಾಸನ

ಅಷ್ಟೇ ಬಾಕಿ. ಲಿವರ್ ಬುಡದ ಎರಡು ಬೋಲ್ಟ್ ತೆಗೆಯುವ ಮುಂಚೆ ಪ್ಲೇಟ್ ಕೂತಿರೋ ಜಾಗಕ್ಕೆ ಮಾರ್ಕರ್ ಗೆರೆ ಎಳೆಯಿರಿ, ಮೇಲು ಕೆಳಗು ತಿರುವುಮುರುವು ಆಗಬಾರದು. ಸ್ಟಾಪ್ ಪ್ಲೇಟಿನ ಎದ್ದಿರೋ ಅಂಚಲ್ಲಿ ಲಿವರ್ ಉಜ್ಜಿ ಹಳ್ಳ ಬಿದ್ದಿದ್ದರೆ ಹೊಸದು ಹಾಕಿ, ಬೆಲೆ ಜಾಸ್ತಿ ಇರಲ್ಲ. ಚೆನ್ನಾಗಿದ್ದರೆ ಎರಡನೇ ಗೇರಿಗೆ ಹಾಕಿಟ್ಟು, ಬೋಲ್ಟ್ ಸ್ವಲ್ಪ ಸಡಿಲಿಸಿ, ಬುಡವನ್ನು ಕೂದಲೆಳೆಯಷ್ಟು ಜರುಗಿಸಿ ಬಿಗಿ ಮಾಡಿ. ಪ್ರತಿ ಸಲ ಜರುಗಿಸಿದ ಮೇಲೆ ಇಂಜಿನ್ ಆಫ್ ಇದ್ದಾಗಲೇ ನಾಲ್ಕೂ ಗೇರು, ರಿವರ್ಸು ಹಾಕಿ ನೋಡಿ. ಲಿವರ್ ಒತ್ತದೆ ರಿವರ್ಸ್ ಬೀಳಲೇಬಾರದು. ಅಷ್ಟಾದರೆ ಮೊದಲು ಬೇಲೂರು ರೋಡಿನಲ್ಲಿ ಓಡಿಸಿ, ಘಾಟಿ ಆಮೇಲೆ.