ಬಗರ್‌ಹುಕುಂ ಮನೆಯವರು ಜನಗಣತಿಗೆ ಹೆದರುತ್ತಿದ್ದಾರೆ, ಏನು ಹೇಳಲಿ?

ಅರಿವು ಕೇಂದ್ರದವಳು, ಹೊಸನಗರ ತಾಲ್ಲೂಕು:

ನಮ್ಮ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವವಳು ನಾನು. 2027ರ ಫೆಬ್ರವರಿಯ ಜನಗಣತಿಗೆ ಜನರನ್ನು ಒಪ್ಪಿಸುವ ಕೆಲಸ ಈಗ ನನ್ನ ತಲೆಗೆ ಬಂದಿದೆ. ಕಸದ ಗಾಡಿಯ ಮೈಕಿನಲ್ಲಿ ದಿನವೂ ಕೂಗಿಸುತ್ತಿದ್ದೇವೆ. ಆದರೆ ಗಾಡಿ ಹೋಗುವುದು ಡಾಂಬರು ರಸ್ತೆ ಇರುವ ತನಕ. ಮನೆಗಳಿರುವುದು ಅಲ್ಲಿಂದ ಗುಡ್ಡ ಇಳಿದು, ತೋಟದ ಸಂಕ ದಾಟಿದ ಮೇಲೆ.

ಅದನ್ನಾದರೂ ನಡೆದು ಮುಗಿಸಬಹುದು. ತೊಡಕಿರುವುದು ಬಗರ್‌ಹುಕುಂ ಜಾಗದಲ್ಲಿ, ಅಂದರೆ ಹಕ್ಕುಪತ್ರವಿಲ್ಲದ ಸರ್ಕಾರಿ ಜಮೀನಿನಲ್ಲಿ, ಮನೆ ಕಟ್ಟಿಕೊಂಡವರದು. ಶರಾವತಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬಂದ ಕುಟುಂಬಗಳೂ ಅವರಲ್ಲಿವೆ. "ಗಣತಿಯ ಮೊದಲ ಸುತ್ತಿನ ಮನೆಪಟ್ಟಿಗೆ ಬಂದಾಗ ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಕೇಳಿ ಬರೆದುಕೊಂಡು ಹೋದರು. ನಾಳೆ ಅದನ್ನೇ ಹಿಡಿದುಕೊಂಡು ಒಕ್ಕಲೆಬ್ಬಿಸಲು ಬಂದರೆ ನೀನು ಬಂದು ನಿಲ್ಲುತ್ತೀಯಾ?" ಎಂದು ಒಬ್ಬ ಅಜ್ಜಿ ದಣಪೆಯ ಆಚೆಯಿಂದಲೇ ಕೇಳಿದರು.

2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ 60 ಪ್ರಶ್ನೆಗಳಿಗೆ ಉತ್ತರ ಕೊಟ್ಟಾಗಿದೆ, ಮತ್ತೇಕೆ ಎನ್ನುವವರು ಬೇರೆ. ಮೈಕಿನಲ್ಲಿ ದಂಡದ ಮಾತು ಸೇರಿಸಿ, ತಾನಾಗಿ ದಾರಿಗೆ ಬರುತ್ತಾರೆ ಎಂದು ಕೆಲವರ ಸಲಹೆ. ನನಗೆ ಮನಸ್ಸಿಲ್ಲ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:

ಬೇಡವೇ ಬೇಡ, ತಂಗೀ. ಕಾಯ್ದೆಯಲ್ಲಿ ಸಾವಿರ ರೂಪಾಯಿಯವರೆಗೆ ದಂಡವಿರುವುದು ನಿಜ. ಆದರೆ ಹೆದರಿದವರು ಬಾಯಿಗೆ ಬಂದದ್ದನ್ನು ಬರೆಸಿ ಕಳಿಸುತ್ತಾರೆ. 2001ರಲ್ಲೂ 2011ರಲ್ಲೂ ಗಣತಿದಾರನಾಗಿದ್ದವನು ನಾನು.

ಅಜ್ಜಿಗೆ ಹೇಳಬೇಕಾದ್ದು 1948ರ ಜನಗಣತಿ ಕಾಯ್ದೆಯ 15ನೇ ಕಲಂ. ಗಣತಿದಾರ ಬರೆದುಕೊಂಡದ್ದನ್ನು ತೆರೆದು ನೋಡುವ ಹಕ್ಕು ಹೊರಗಿನ ಯಾರಿಗೂ ಇಲ್ಲ. ಜಮೀನಿನ ವ್ಯಾಜ್ಯದಲ್ಲಿ ಅದು ಸಾಕ್ಷ್ಯವೂ ಆಗುವುದಿಲ್ಲ. ಮನೆ ಸ್ವಂತದ್ದೆಂದರೆ ಕಾಗದ ತೋರಿಸಬೇಕಿಲ್ಲ, ಬಾಯಿಮಾತು ಸಾಕು. ಆದರೆ ಇನ್ನೊಂದು ಮಗ್ಗುಲನ್ನು ಮುಚ್ಚಿಡಬೇಡಿ. ಒಕ್ಕಲೆಬ್ಬಿಸಲು ಬಾರದ ಕಾಗದ ಉಳಿಸಿಕೊಳ್ಳಲೂ ಬಾರದು. ಗಣತಿಯಲ್ಲಿ ಬರೆಸಿದ್ದೇನೆಂದು ಹಕ್ಕುಪತ್ರದ ಅರ್ಜಿಯಲ್ಲಿ ತೋರಿಸಲಾಗದು. ಪ್ರಚಾರದ ಹುರುಪಿನಲ್ಲಿ ಅಂಥ ಆಸೆ ಹುಟ್ಟಿಸುವವರಿದ್ದಾರೆ.

2025ರದ್ದು ರಾಜ್ಯದ್ದು, ಇದು ಕೇಂದ್ರದ್ದು. ಪಂಚಾಯಿತಿಯ ಸದಸ್ಯರ ಸಂಖ್ಯೆ ಗೊತ್ತುಮಾಡುವಾಗ, ಹಣಕಾಸು ಆಯೋಗದ ಅನುದಾನ ಹಂಚುವಾಗ ನೋಡುವುದು ಜನಗಣತಿಯ ಅಂಕಿಯನ್ನು. 2011ರ ಲೆಕ್ಕದಲ್ಲೇ ಇಷ್ಟು ವರ್ಷ ನಡೆದಿದೆ.

ಅದೇ ಕಾಯ್ದೆಯ 8ನೇ ಕಲಂ ಇನ್ನೂ ಸೊಗಸು. ಗಂಡನ ಹೆಸರು ಹೇಳುವ ಪದ್ಧತಿಯಿಲ್ಲದ ಹೆಂಗಸನ್ನು ಹೇಳೆಂದು ಒತ್ತಾಯಿಸುವಂತಿಲ್ಲ. ಒಬ್ಬರು ಗೋಡೆಯ ಮೇಲಿದ್ದ ಫೋಟೊದ ಕೆಳಗಿನ ಅಕ್ಷರ ತೋರಿಸಿ, "ನೀವೇ ಓದಿಕೊಳ್ಳಿ" ಎಂದಿದ್ದರು. ನಗದೆ ಬರೆದುಕೊಂಡೆ. ಉಳಿದ ಉತ್ತರಗಳು ಕಾಫಿಯ ಜೊತೆಗೇ ಬಂದವು.

ಆಶಾ ಕಾರ್ಯಕರ್ತೆ, ಸಾಗರದ ಕಡೆ:

ಮೈಕಿಗಿಂತ ಹಾಲಿನ ಡೇರಿ ಮೇಲು, ಅಕ್ಕ. ಬೆಳಿಗ್ಗೆ ಕ್ಯಾನು ಹಿಡಿದು ಬಂದವರು ಸ್ವಲ್ಪ ಹೊತ್ತು ಮಾತಿಗೆ ನಿಲ್ಲುತ್ತಾರೆ. ಪಡಿತರ ಕೊಡುವ ದಿನವೂ ಆಗಬಹುದು. ಫೆಬ್ರವರಿಯೆಂದರೆ ಕಾಳುಮೆಣಸಿನ ಕೊಯ್ಲು. ಹಗಲು ಹೋದರೆ ಜಗುಲಿಯಲ್ಲಿ ನಾಯಿ ಮಾತ್ರ ಸಿಗುತ್ತದೆ. ಗಣತಿದಾರರು ಸಂಜೆ ಹೋಗಲಿ, ಜೊತೆಗೆ ನೀರುಗಂಟಿಯನ್ನು ಕಳಿಸಿ. ಅವನಿಗೆ ಗೊತ್ತಿಲ್ಲದ ಒಳದಾರಿ ಇರುವುದಿಲ್ಲ.

ಬೆಂಗಳೂರಿನಲ್ಲಿರುವ ಸೊರಬದವ:

ನಡುವೆ ನನ್ನದೊಂದು. ನನ್ನ ಹೆಸರು ಇನ್ನೂ ಊರಿನ ರೇಷನ್ ಕಾರ್ಡಿನಲ್ಲಿದೆ. ಅಪ್ಪ ಅಲ್ಲೇ ಬರೆಸುತ್ತೇನೆ ಎನ್ನುತ್ತಾರೆ. ಬರೆಸಬಹುದೇ?

ನಿವೃತ್ತ ಮೇಷ್ಟ್ರು:

ರೇಷನ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ವಾಸ ಎಲ್ಲಿಯೋ ಎಣಿಕೆ ಅಲ್ಲಿ. ಅಪ್ಪನಿಗೆ ಈಗಲೇ ಫೋನ್ ಮಾಡಿ, ಇಲ್ಲದಿದ್ದರೆ ಎರಡು ಕಡೆ ಲೆಕ್ಕಕ್ಕೆ ಸಿಗುತ್ತೀರಿ. ದೂರ ಹೋದ ಮಕ್ಕಳನ್ನು ಬಿಟ್ಟು ಬರೆಸಲು ಹೆತ್ತವರಿಗೆ ಮನಸ್ಸು ಬರುವುದಿಲ್ಲ, ಎರಡು ಸಲವೂ ಕಂಡಿದ್ದೇನೆ.

ಅರಿವು ಕೇಂದ್ರದವಳು:

ಎಲ್ಲರಿಂದಲೂ ಉಪಕಾರವಾಯಿತು. ದಂಡದ ಮಾತು ಕೈಬಿಟ್ಟೆ. ಮೈಕಿಗೆ ಹೀಗೆ ಬರೆದಿದ್ದೇನೆ: "ಜಾಗದ ಕಾಗದ ಕೇಳುವುದಿಲ್ಲ. ಬರೆದದ್ದನ್ನು ಬೇರೆಯವರಿಗೆ ತೋರಿಸುವುದಿಲ್ಲ. ಇದರಿಂದ ಹಕ್ಕುಪತ್ರ ಸಿಗುವುದೂ ಇಲ್ಲ." ಕೊನೆಯ ಸಾಲು ತೆಗೆಯಿರಿ, ಜನ ಬರುವುದಿಲ್ಲ ಎಂದು ಈಗಾಗಲೇ ಒಬ್ಬರು ಹೇಳಿದ್ದಾರೆ. ತೆಗೆಯುವುದಿಲ್ಲ.